ಹುಳು ಮನೆಯ ಗಾಳಿ

ನಮ್ಮತ್ತೆಯ ಮನೆಗೆ ಹೋಗಿ ಕಷಾಯ ಕುಡಿಯದೆ ಹೊರಬಂದ ಮನುಷ್ಯ ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಇಲ್ಲ. ಡೈರಿ ಬರೆಯುವ ಚಟ ನನ್ನದು, ತಾರೀಖು ಹಾಕಿ ಗುರುತಿಟ್ಟಿದ್ದೇನೆ. ಸಿಲಿಂಡರ್ ತಂದವನು ಕುಡಿದ, ಮೀಟರ್ ನೋಡುವವನು ಕುಡಿದ. ಓಟು ಕೇಳಲು ಬಂದವರು ಕುಡಿದ ಮೇಲೆ ಮತ್ತೆ ಆ ಬೀದಿಗೇ ಬರಲಿಲ್ಲ!

ಅಪ್ಪನ ಅಕ್ಕ ಈಕೆ. ಕ್ರಷರ್ ಟಿಪ್ಪರುಗಳ ಧೂಳಿಗೆ ದೊಡ್ಡಪತ್ರೆ, ಟೊಮೆಟೊ ತೋಟದ ಔಷಧಿಗೆ ನೆಲನೆಲ್ಲಿ, ಹೊಗೆಗೆ ಆಡುಸೋಗೆ. ಹೀಗೆ ಒಂದೊಂದು ವಿಷಕ್ಕೂ ಹಿತ್ತಲಲ್ಲಿ ಒಂದೊಂದು ಗಿಡ. ಹೊಗೆಯ ಗಿಡ ಮಾವನ ಪಾಲಿನದು. ಮಾವ ಪಟ್ಟಣದ ಫಿಲೇಚರಿನಲ್ಲಿ, ರೇಷ್ಮೆ ಗೂಡು ಬೇಯಿಸುವ ಒಲೆಯ ಪಕ್ಕ ಕೂತು ನೂಲು ಬಿಚ್ಚುವವರು. ಅವರ ಕೆಮ್ಮು ಬಾಗಿಲಿಗೆ ಬರುವ ಮೊದಲೇ ಬೀದಿಗೆ ಬರುತ್ತಿತ್ತು.

ಇದರ ನಡುವೆ ನಾನು ಬಾಯಿ ಬಿಟ್ಟೆ. ಗಿಡಗಳೊಳಗಿನ ಕೆಲವು ಅಂಶಗಳು ಹೊಗೆ, ಧೂಳಿನ ಹಾನಿಯನ್ನು ತಡೆಯಬಹುದು, ಪ್ರಯೋಗಾಲಯದ ಇಲಿಗಳಲ್ಲಿ ನೋಡಿದ್ದಾರೆ ಎಂದು ಕಾಲೇಜಿನ ಮೇಷ್ಟ್ರು ಪಾಠ ಮಾಡಿದ್ದರು. ಮನುಷ್ಯರ ವಿಷಯ ಇನ್ನೂ ಗಟ್ಟಿಯಾಗಿಲ್ಲ ಎಂದೂ ಹೇಳಿದ್ದರು. ಎರಡನ್ನೂ ಒಪ್ಪಿಸಿದೆ. ಅತ್ತೆ ಮೊದಲನೆಯದನ್ನು ಮಾತ್ರ ಇಟ್ಟುಕೊಂಡರು.

"ಇಲಿಗೆ ಆಗಿದ್ದು ನಿಮ್ಮ ಮಾವನಿಗೆ ಆಗಲ್ವೇನಪ್ಪ?"

ಮಾವ ಲೋಟ ಎತ್ತುತ್ತಾ, "ಇಲಿಗೆ ಬೇಡ ಅನ್ನೋಕೆ ಬಾಯಿ ಇತ್ತಾ ಅಂತ ಕೇಳು" ಎಂದರು.

ಡಾಕ್ಟರು ಇನ್ಹೇಲರ್ ಕೊಟ್ಟು, ಹೊಗೆಯಿಂದ ದೂರ ಇರಿ ಎಂದರು. ಅತ್ತೆ ಇನ್ಹೇಲರಿಗೆ ಅಪ್ಪಣೆ ಕೊಟ್ಟರು, ಆದರೆ ಕಷಾಯವಾದ ಮೇಲೆ! ಆ ಮನೆಯಲ್ಲಿ ಕಷಾಯದ ವಾಸನೆಯಿಲ್ಲದ ಜಾಗ ಒಂದೇ, ಹಿಂದಿನ ಹುಳು ಮನೆ. ರೇಷ್ಮೆ ಹುಳುವಿಗೆ ಘಾಟು ಆಗದು ನೋಡಿ. ಕಿಟಕಿಗೆಲ್ಲ ಪರದೆ, ಗೋಡೆಗೆ ಸುಣ್ಣ, ಕಾಲು ತೊಳೆಯದೆ ಪ್ರವೇಶವಿಲ್ಲ. ಒಮ್ಮೆ ಸೆಂಟು ಹಾಕಿಕೊಂಡು ಹೋಗಿದ್ದ ನನ್ನನ್ನು ಅತ್ತೆ ಹೊಸಿಲಿನಿಂದಲೇ ಅಟ್ಟಿದ್ದರು. ದಿನಾ ಬಾಗಿಲಿಗೆ ಕಿವಿಯಿಟ್ಟು, ಹುಳು ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತಿದ್ದರು. ಸದ್ದು ಇಳಿದರೆ ಹುಳುವಿಗೆ ಕಾಯಿಲೆ ಎಂದು ಲೆಕ್ಕ.

ಆ ಭಾನುವಾರ ನಾನು ಹೋದಾಗ ನಡುಮನೆಯಲ್ಲಿ ಬಿಳಿ ಹೊಗೆ ತುಂಬಿತ್ತು. ಮಾವನ ಎದೆಗೆ ಸೇರಿದ ಹೊಗೆಯನ್ನು ಓಡಿಸಲು ಅತ್ತೆ ಕೆಂಡದ ಮೇಲೆ ಬೇವು, ಲಕ್ಕಿ ಸೊಪ್ಪು ಹಾಕಿದ್ದರು. ಹೊಗೆ ಓಡಿಸಲು ಹೊಗೆ! ನಗು ಬಂತು. ಆಮೇಲೆ ಮಾವ ಕಂಡರು. ಮಂಚದ ಪಟ್ಟಿ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಭುಜ ಕಿವಿಯವರೆಗೆ ಏರಿತ್ತು. ಇನ್ಹೇಲರ್ ಒತ್ತಿದರೂ ಒಳಗೆ ಎಳೆದುಕೊಳ್ಳಲು ಉಸಿರಿರಲಿಲ್ಲ. ನನ್ನ ಹೆಸರು ಹಿಡಿದು ಕರೆಯಲು ಹೋಗಿ ಅರ್ಧಕ್ಕೇ ನಿಂತರು. ತುಟಿ ನೀಲಿಯಾಗುತ್ತಿತ್ತು.

ಬಾಗಿಲು, ಕಿಟಕಿ ತೆರೆದು ಆಟೋಗೆ ಓಡಿದೆ. ಬರುವಷ್ಟರಲ್ಲಿ ಅತ್ತೆ ಲೋಟ ಹಿಡಿದು ನಿಂತಿದ್ದರು. "ಒಂದು ಗುಟುಕು ಕುಡೀರಿ. ಇಳಿಯುತ್ತೆ, ಆಮೇಲೆ ಹೋಗಣ."

ಇಷ್ಟು ವರ್ಷ ಕೊಟ್ಟಿದ್ದನ್ನೆಲ್ಲ ಕುಡಿದಿದ್ದ ಮಾವ, ಕೈಯಿಂದ ಲೋಟ ಸರಿಸಿದರು. ಕಷಾಯ ನೆಲಕ್ಕೆ ಚೆಲ್ಲಿತು. ಅತ್ತೆ ನೆಲ ನೋಡಿದರು, ಮಾವನ ತುಟಿ ನೋಡಿದರು. ಅವರ ಕಂಕುಳಿಗೆ ಭುಜ ಕೊಟ್ಟರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಹೊಗೆ ತಾಗಿತ್ತಾ ಎಂದು ಡಾಕ್ಟರು ಕೇಳಿದಾಗ ನಾನು ಗೋಡೆ ನೋಡುತ್ತಿದ್ದೆ.

"ನಾನೇ ಹಾಕಿದ್ದು," ಎಂದರು ಅತ್ತೆ.

ಡಾಕ್ಟರು ಗದರಲಿಲ್ಲ. ಇನ್ನು ಫಿಲೇಚರಿಗೆ ಕಳಿಸಬೇಡಿ, ಗಾಳಿ ಚೆನ್ನಾಗಿರುವ ಕೋಣೆಯಲ್ಲಿ ಮಲಗಿಸಿ ಎಂದರು. ಅಂಥದ್ದು ಮನೆಯಲ್ಲಿ ಇದೆಯಾ ಎಂದು ಕೇಳಿದರು. "ಒಂದಿದೆ," ಎಂದರು ಅತ್ತೆ.

ಮಾವ ಮನೆಗೆ ಬಂದ ಮೇಲಿನ ಭಾನುವಾರ ಹೋದೆ. ನಡುಮನೆಯಲ್ಲಿ ಮಂಚವಿರಲಿಲ್ಲ. ಹಿಂದುಗಡೆ ಹುಳದ ತಟ್ಟೆಗಳನ್ನು ತೊಳೆದು, ಗೋಡೆಗೆ ಒರಗಿಸಿದ್ದರು. ಈ ಸಲ ಹುಳು ತಂದಿಲ್ಲವಂತೆ. ಹುಳು ಮನೆಯ ಬಾಗಿಲು ಮುಚ್ಚಿತ್ತು. ಅತ್ತೆ ಅದಕ್ಕೆ ಕಿವಿಯಿಟ್ಟು ಕೂತಿದ್ದರು. ಹೊಸಿಲಿನ ಹೊರಗೆ, ಮುಚ್ಚಳ ಹಾಕಿದ ಒಂದು ಕಷಾಯದ ಲೋಟ.

"ಹೇಗಿದ್ದಾರೆ?" ಎಂದೆ.

ತುಟಿಯ ಮೇಲೆ ಬೆರಳಿಟ್ಟರು. ಒಳಗಿನಿಂದ ಮಾವನ ಉಸಿರು ಸಣ್ಣಗೆ, ಒಂದೇ ಸಮನೆ ಕೇಳಿಸುತ್ತಿತ್ತು.

"ಕಾಲು ತೊಳ್ಕೊಂಡು ಬಾರಪ್ಪ," ಎಂದರು ಮೆಲ್ಲಗೆ. "ಸೆಂಟು ಹಾಕಿದ್ರೆ ಅಲ್ಲೇ ನಿಂತ್ಕೋ."

ಲೋಟ ಯಾರಿಗೆಂದು ಕೇಳಲಿಲ್ಲ. ಅಂಗಳದಲ್ಲೇ ನಿಂತು ಕುಡಿದೆ, ಸದ್ದಾಗದ ಹಾಗೆ.