ಚಾಕು ಕೈಯಾಗ ಕೊಡಬ್ಯಾಡ್ರಿ

ಜೇಬಿನಲ್ಲಿ ಚಾಕು ಇಟ್ಟುಕೊಂಡು ಮುಂಬಯಿಯಲ್ಲಿ ಓಡಾಡುವವನಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಬೇಕಾದಾಗ "ಚಾಕು ಐತೇನ್ರಿ?" ಎಂದು ಓಡಿ ಬಂದವರೇ, ಕೆಲಸ ಮುಗಿದ ಮೇಲೆ "ಈ ಮನಿಷ್ಯಾ ಚಾಕು ಯಾಕ ಇಟಗೊಂಡು ತಿರಗತಾನ?" ಎಂದು ಪಕ್ಕದವರ ಕಿವಿಯಲ್ಲಿ ಊದುತ್ತಾರೆ. ನಾನು ಇದಕ್ಕೆಲ್ಲ ತಲೆ ಕೆಡಿಸಿಕೊಂಡವನೇ ಅಲ್ಲ. ಆದರೂ ಒಂದು ಸಲ ಆ ಚಾಕುವಿನಿಂದಾಗಿ ನನ್ನ ಮದುವೆಯೇ ತಪ್ಪಿಹೋಗುವ ಹೊತ್ತು ಬಂದಿತ್ತು. ಐವತ್ತರ ದಶಕದ ಮಾತು. ಆಗ ನಾನು ಧಾರವಾಡದಿಂದ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಸಯನ್ನಿನ ಒಂದು ಚಾಳಿನಲ್ಲಿ ವಾಸ.

ಜೇಬುಗಳ ಕಾರಭಾರ

ನನ್ನ ಜೇಬುಗಳಲ್ಲಿ ಒಂದು ಶಿಸ್ತಿತ್ತು. ಶರ್ಟಿನ ಜೇಬಿನಲ್ಲಿ ಲೋಕಲ್ಲಿನ ಪಾಸು, ಪೆನ್ನು, ಸೇಫ್ಟಿ ಪಿನ್ನು. ಪ್ಯಾಂಟಿನ ಎಡಜೇಬಿನಲ್ಲಿ ಕರವಸ್ತ್ರ, ಹುರಿಯ ಸುರುಳಿ, ಸೂಜಿ-ದಾರದ ಪುಟ್ಟ ಡಬ್ಬಿ. ಬಲಜೇಬಿನಲ್ಲಿ ಚಾಕು, ಚಾಕು ಮಾತ್ರ. ಟಾರ್ಚು, ಮೇಣಬತ್ತಿ, ಟಿಂಚರು, ಬ್ಯಾಂಡೇಜು, ಹಗ್ಗ ಇವೆಲ್ಲ ಹೊರಗೆ ಗುಡ್ಡ ಬೆಟ್ಟ ಸುತ್ತುವ ದಿನಕ್ಕೆಂದು ಖಾಕಿ ಹೆಗಲುಚೀಲದಲ್ಲಿ. ಕತ್ತಲೆಯಲ್ಲಿ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದೇ ಬರಬೇಕು, ಹಾಗೆ ಜೋಡಿಸಿಟ್ಟಿದ್ದೆ.

ಚಾಕು ಚೋರ್ ಬಜಾರಿನದು. ಯುದ್ಧ ಮುಗಿದ ಮೇಲೆ ಗುಡ್ಡೆ ಹಾಕಿ ಮಾರುತ್ತಿದ್ದ ಮಿಲಿಟರಿ ಸಾಮಾನಿನಲ್ಲಿ ಸಿಕ್ಕಿದ್ದು. ದೊಡ್ಡ ಅಲಗು, ಸಣ್ಣ ಅಲಗು, ಡಬ್ಬಿ ಕೊರೆಯುವ ಕೊಕ್ಕೆ, ಬೆನ್ನಿಗೆ ಮಡಚಿಕೊಂಡಿದ್ದ ಒಂದು ತಿರುಚಿದ ಕಂಬಿ. "ಯೇ ಕಿಸ್ ಲಿಯೇ?" ಎಂದು ಕಂಬಿ ತೋರಿಸಿ ಕೇಳಿದರೆ ಅಂಗಡಿಯವನು "ಗೋರಾ ಸಾಬ್ ಕಾ ಮಾಲ್ ಹೈ, ಸಬ್ ಕಾಮ್ ಮೇ ಆತಾ ಹೈ" ಎಂದುಬಿಟ್ಟ. ಬಿಳಿಯರ ಮಾಲಂತೆ, ಎಲ್ಲ ಕೆಲಸಕ್ಕೂ ಬರುತ್ತದಂತೆ. ನನಗೆ ಅದರ ಉಪಯೋಗ ಹೊಳೆಯಲು ಬಹಳ ದಿನ ಬೇಕಾಗಲಿಲ್ಲ. ಪೈಜಾಮದ ಲಾಡಿಯ ತುದಿ ನಡುಪಟ್ಟಿಯ ನೇಫೆಯೊಳಗೆ ನುಸುಳಿ ಹೋಯಿತೆಂದರೆ ಎಂಥ ಗಂಡಸೂ ಸೋತು ಕೂಡುತ್ತಾನಲ್ಲ? ಆ ಕಂಬಿಯನ್ನು ಒಳಗೆ ತೂರಿಸಿ ಎರಡು ಸುತ್ತು ತಿರುವಿದರೆ ಲಾಡಿ ತಾನಾಗಿ ಸುತ್ತಿಕೊಂಡು ಹೊರಗೆ ಬರುತ್ತಿತ್ತು! ಬಿಳಿಯರು ಎಷ್ಟು ಮುಂದಾಲೋಚನೆಯ ಜನ ಎಂದು ಮನಸ್ಸಿನಲ್ಲೇ ಹೊಗಳಿದೆ.

ಸುದ್ದಿ ಚಾಳಿನ ತುಂಬ ಹಬ್ಬಿತು. ನನ್ನ ಜೊತೆ ಅದೇ ಖೋಲಿಯಲ್ಲಿದ್ದವರು ಉಡುಪಿ ಹೋಟೆಲೊಂದರ ಮ್ಯಾನೇಜರು. ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿ ಬರುವುದರೊಳಗೆ ಬಾಗಿಲಲ್ಲಿ ನಾಲ್ಕಾರು ಗಂಡಸರು ಟವೆಲ್ ಸುತ್ತಿಕೊಂಡು, ಕೈಯಲ್ಲಿ ಪೈಜಾಮ ಹಿಡಿದು ಸಾಲಾಗಿ ನಿಂತಿದ್ದರು. ಮ್ಯಾನೇಜರು ತಲೆ ಚಚ್ಚಿಕೊಂಡರು. "ಎಂಥ ಮಾರಾಯ್ರೆ ಇದು! ನಮ್ಮ ಹೋಟೆಲಿನ ಮಸಾಲೆ ದೋಸೆಗೂ ಇಷ್ಟು ಕ್ಯೂ ಇಲ್ಲ."

ಲೋಕಲ್ಲಿನಲ್ಲಿ ನೆಲ ಎಲ್ಲಿದೆ?

ಇನ್ನು ಮದುವೆಯ ಮಾತು. ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ಮೈಸೂರಿನ ಕಡೆಯವರು, ಸಯನ್ನಿನಲ್ಲೇ ನಮ್ಮ ಚಾಳಿನ ಎದುರು ಬಿಲ್ಡಿಂಗಿನಲ್ಲಿ ಮನೆ. ಅವರಿಗೊಬ್ಬ ಮಗಳು. ಗಣಪತಿ ಹಬ್ಬದಲ್ಲಿ ಅವಳನ್ನು ನೋಡಿದ ದಿನದಿಂದ ನನಗೆ ಬೇರೆ ಯಾವ ಹುಡುಗಿಯೂ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಸೋದರಮಾವ ಹೋಗಿ ಮಾತು ತೆಗೆದರು. ಸಾಹೇಬರ ಮನೆಯಾಕೆಗೆ ಒಪ್ಪಿಗೆ. ಸಾಹೇಬರದು ಮಾತ್ರ ಒಂದೇ ತಕರಾರು: "ಹುಡುಗ ಒಳ್ಳೆಯವನೇ. ಆದರೆ ಜೇಬಲ್ಲಿ ಚಾಕು ಇಟ್ಕೊಂಡು ಓಡಾಡ್ತಾನಲ್ಲ? ಗೂಂಡಾಗಳ ಅಭ್ಯಾಸ ಅದು. ಅಂಥವನಿಗೆ ಹೆಣ್ಣು ಕೊಡೋದೇ?" ಸಾಹೇಬರು ಬಹಳ ನೇಮದವರು. ಪಾನನಿರೋಧ ಜಾರಿಯಲ್ಲಿದ್ದ ಕಾಲ. ಗಣಪತಿ ಪೆಂಡಾಲಿನಲ್ಲಿ ಪ್ರತಿ ವರ್ಷ ಕುಡಿತದ ಕೇಡಿನ ಬಗ್ಗೆ ಭಾಷಣ ಮಾಡುವವರು ಅವರೇ.

ಚಾಕು ಎಷ್ಟು ಸಾತ್ವಿಕವಾದ ವಸ್ತು ಎಂಬುದನ್ನು ಕಣ್ಣಾರೆ ತೋರಿಸಿದರೆ ಮುಗಿಯಿತು ಎಂದುಕೊಂಡೆ. ಅವಕಾಶ ಮರುವಾರವೇ ಸಿಕ್ಕಿತು. ಬೆಳಗಿನ ಲೋಕಲ್ಲು, ಉಸಿರಾಡಲೂ ಜಾಗವಿಲ್ಲ. ಸಾಹೇಬರು ಬಾಗಿಲ ಹತ್ತಿರ. ನನ್ನ ಪಕ್ಕದಲ್ಲಿ ವಿಜಾಪುರದ ಕಡೆಯ ಒಬ್ಬ ಅಜ್ಜ. ಅವನ ಗಂಟಿನ ಹಗ್ಗ ಬೆಂಚಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು, ಅವನು ಇಳಿಯಬೇಕಾದ ಭಾಯಖಳ ಸ್ಟೇಷನ್ನು ಹತ್ತಿರ ಬಂದೇ ಬಿಟ್ಟಿತ್ತು. ನಾನು ಗತ್ತಿನಿಂದ ಚಾಕು ತೆಗೆದು, ದೊಡ್ಡ ಅಲಗು ಬಿಚ್ಚಿ, ಸಾಹೇಬರಿಗೆ ಕಾಣುವ ಹಾಗೆ ಅಜ್ಜನ ಮುಂದೆ ಹಿಡಿದೆ.

ಅಜ್ಜ ಹಾವು ಕಂಡವನಂತೆ ಕೈ ಹಿಂದಕ್ಕೆಳೆದುಕೊಂಡ. "ಕೈಯಾಗ ಕೊಡಬ್ಯಾಡ್ರಿ! ಕೈಯಿಂದ ಕೈಗೆ ಚಾಕು ಕೊಟ್ರ ಜಗಳಾ ಆಗತಾವು. ಕೆಳಗ ಇಡ್ರಿ, ನಾ ತಗೋತೇನಿ."

ನಮ್ಮ ಮನೆಯಲ್ಲೂ ಇದೇ ರೂಢಿ, ಇಲ್ಲವೆನ್ನುವಂತಿಲ್ಲ. ಆದರೆ ಕೆಳಗಿಡಲು ನೆಲ ಬೇಕಲ್ಲ! ಕೆಳಗೆ ನೋಡಿದರೆ ಬರೀ ಚಪ್ಪಲಿ. ಎದುರಿಗೆ ಒಬ್ಬ ದಪ್ಪ ಸೇಠ್‌ಜಿ ಪೇಪರು ಹರವಿಕೊಂಡು ಕೂತಿದ್ದರು. ಇದ್ದುದರಲ್ಲಿ ಸಪಾಟಾದ ಜಾಗ ಅದೊಂದೇ. ಚಾಕುವನ್ನು ಮೆಲ್ಲಗೆ ಅದರ ಮೇಲೆ ಇಟ್ಟೆ.

ಓದುತ್ತಿದ್ದ ಸುದ್ದಿಯ ಮೇಲೆ ಬಿಚ್ಚಿದ ಚಾಕು ಬಂದು ಕೂತದ್ದನ್ನು ಕಂಡ ಸೇಠ್‌ಜಿ "ಅರೇ ಬಾಪ್ ರೇ, ಮಾರ್ ಡಾಲಾ!" ಎಂದು ಕಿರುಚಿದರು. ಯಾರೋ ನನ್ನ ಕಾಲರು ಹಿಡಿದರು, ಯಾರೋ ಅವರ ಕಾಲರು ಹಿಡಿದರು, ಅರ್ಧ ರೈಲುಡಬ್ಬಿಗೆ ಜಗಳ ಹತ್ತಿಕೊಂಡಿತು. ಸಾಹೇಬರು ನನ್ನ ಗುರುತೇ ಇಲ್ಲದವರ ಹಾಗೆ ಬಾಗಿಲಾಚೆ ನೋಡುತ್ತಿದ್ದರು. ಆ ಗದ್ದಲದಲ್ಲಿ ಅಜ್ಜ ಮಾತ್ರ ಸಾವಕಾಶವಾಗಿ ಹಗ್ಗ ಕೊಯ್ದುಕೊಂಡು, ಚಾಕುವನ್ನು ತಿರುಗಿ ಸೇಠ್‌ಜಿಯ ಪೇಪರಿನ ಮೇಲೇ ಇಟ್ಟು, ಇಳಿಯುವ ಮುಂಚೆ ನನ್ನ ಕಡೆ ನೋಡಿ ಹೇಳಿದ: "ಕಂಡ್ರಿಲ್ಲೋ? ಕೈಯಾಗ ಕೊಟ್ಟಿದ್ರ ಜಗಳಾನ ಆಗತಿತ್ತು."

ಜೋಗೇಶ್ವರಿಯ ಹೊಲಿಗೆ

ನಾನು ಎದೆಗುಂದಲಿಲ್ಲ. ಆಫೀಸಿನವರೆಲ್ಲ ಒಂದು ಭಾನುವಾರ ಜೋಗೇಶ್ವರಿಯ ಗುಹೆ ನೋಡಲು ಹೊರಟರು. ನಾನು ಖಾಕಿ ಚೀಲದ ಸಮೇತ ಹಾಜರು. ಗುಹೆಯ ಕತ್ತಲಲ್ಲಿ ಟಾರ್ಚು ಹಿಡಿದವನು ನಾನು, ಎಡವಿದವರಿಗೆ ಟಿಂಚರು ಹಚ್ಚಿದವನು ನಾನು, ಕಲ್ಲಂಗಡಿ ಕೊಯ್ದವನೂ ನಾನೇ. ಸಾಹೇಬರು ಎರಡು ಹೋಳು ತಿಂದು "ಹರಿತವಾಗಿದೆ ಕಣಯ್ಯ" ಎಂದರು. ನನ್ನ ಕಿವಿಗೆ ಅದು ಓಲಗದ ಹಾಗೆ ಕೇಳಿಸಿತು.

ಹಿಂತಿರುಗುವಾಗ ಗುಹೆಯ ಮೇಲಿನ ಮುಳ್ಳುಪೊದೆಗೆ ಸಾಹೇಬರ ಕೋಟಿನ ಹಿಂಭಾಗ ಸಿಕ್ಕಿತು. ಅವರು ಎಳೆದರು, ಅದು ಬಿಡಲಿಲ್ಲ. "ಸರ, ಅಲುಗಾಡಬ್ಯಾಡ್ರಿ, ನಾ ಅದೇನಿ" ಎಂದು ಮುನ್ನುಗ್ಗಿ, ಚಾಕುವಿನಿಂದ ಮುಳ್ಳಿನ ಕೊಂಬೆಯನ್ನು ಕತ್ತರಿಸಿದೆ. ಕೊಂಬೆಯ ಜೊತೆಗೆ ಕೋಟೂ ಒಂದು ಗೇಣು ಹರಿಯಿತು. ಅದಕ್ಕೇನಂತೆ? ಎಡಜೇಬಿನಲ್ಲಿ ಸೂಜಿ-ದಾರ ಇತ್ತಲ್ಲ! ಸಾಹೇಬರನ್ನು ನಿಂತಲ್ಲೇ ನಿಲ್ಲಿಸಿ, ಅವರ ಬೆನ್ನ ಹಿಂದೆ ಮಂಡಿಯೂರಿ, ಇನ್ನೆಂದೂ ಬಿಚ್ಚದ ಹಾಗೆ ಒತ್ತಾಗಿ ಹೊಲಿದುಕೊಟ್ಟೆ. ಎಲ್ಲರೂ ಭೇಷ್ ಎಂದರು. ಸಾಹೇಬರೂ ಮೊದಲ ಸಲ ನನ್ನ ಬೆನ್ನು ತಟ್ಟಿದರು. ದಾರಿಯುದ್ದಕ್ಕೂ ನಾನು ಮದುವೆಗೆ ಯಾರು ಯಾರನ್ನು ಕರೆಯಬೇಕೆಂದು ಯೋಚಿಸುತ್ತಿದ್ದೆ.

ಮುಂದಿನದನ್ನು ಸಾಹೇಬರ ಮನೆಯಾಕೆಯೇ ನಮ್ಮ ಸೋದರಮಾವನಿಗೆ ಹೇಳಿದ್ದು. ಅವತ್ತು ಸಂಜೆ ಸಾಹೇಬರ ಮನೆಗೆ ನೆಂಟರು ಬಂದು ಕೂತಿದ್ದರಂತೆ. ಸಾಹೇಬರು ಒಳಗೆ ಬಂದವರೇ "ಉಸ್ಸಪ್ಪಾ" ಎಂದು ಎಲ್ಲರೆದುರಿಗೆ ಕೋಟು ಕಳಚಿದರಂತೆ. ಕೋಟಿನ ಬೆನ್ನಿಗೇ ಪಂಚೆಯೂ ಬಂತಂತೆ. ನನ್ನ ಹೊಲಿಗೆ ಎರಡನ್ನೂ ಅಷ್ಟು ಗಟ್ಟಿಯಾಗಿ ಕೂಡಿಸಿತ್ತು.

ಹವಾಲ್ದಾರರ ಮೆಚ್ಚುಗೆ

ಅದೇ ದಿನದ ಇನ್ನೊಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜೋಗೇಶ್ವರಿ ಸ್ಟೇಷನ್ನಿನಲ್ಲಿ ಪೊಲೀಸರು ಕಳ್ಳಭಟ್ಟಿ ಹಿಡಿಯಲು ಬಂದವರ ಹೋದವರ ಚೀಲ ತಡಕಾಡುತ್ತಿದ್ದರು, ಬಾಯಿ ಮೂಸುತ್ತಿದ್ದರು. ನನ್ನ ಚೀಲದಲ್ಲಿ ಟಿಂಚರಿನ ಬಾಟ್ಲಿ ಕಿಣಿಕಿಣಿ ಎಂದಿತು, ಹಿಡಿದು ನಿಲ್ಲಿಸಿದರು. ಬಾಟ್ಲಿ ಆಯಿತು, ಜೇಬು ನೋಡಿದರು. ಚಾಕು ಸಿಕ್ಕಿತು. ಹವಾಲ್ದಾರರು ತಿರುಚಿದ ಕಂಬಿ ಬಿಚ್ಚಿ, ಮೀಸೆಯಲ್ಲೇ ನಕ್ಕು, "ಹೇ ಕಶಾಲಾ?" ಎಂದರು. ಇದು ಯಾತಕ್ಕೆ ಎಂದು.

ನಾನು ಅಂಜುವವನೇ? "ಲಾಡಿ ತೆಗಿಯಾಕ" ಎಂದೆ. ಅವರಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಪೈಜಾಮ ತೊಟ್ಟು ನಿಂತಿದ್ದ ನಮ್ಮ ಆಫೀಸಿನ ಜವಾನನನ್ನು ಎಳೆದು, ಕಂಬಿಯನ್ನು ಅವನ ನಡುವಿನ ಹತ್ತಿರ ಹಿಡಿದು, ಹೇಗೆ ತೂರಿಸಬೇಕು, ಹೇಗೆ ತಿರುವಬೇಕು ಎಂದೆಲ್ಲ ಅಭಿನಯ ಮಾಡಿ ತೋರಿಸಿದೆ. ಹವಾಲ್ದಾರರು ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಬ್ಬ ಪೊಲೀಸನನ್ನು ಕರೆದು, ಮತ್ತೊಮ್ಮೆ ತೋರಿಸು ಎಂದರು. ತೋರಿಸಿದೆ. ಆಮೇಲೆ ಹವಾಲ್ದಾರರು ಕಣ್ಣೊರೆಸಿಕೊಳ್ಳುತ್ತ ನನಗೊಂದು ಸಲಾಮು ಹೊಡೆದು ಕಳಿಸಿಕೊಟ್ಟರು.

ಆಫೀಸಿನ ಎಲ್ಲರ ಬಾಯಿಯನ್ನೂ ಮೂಸಿದರು, ನನ್ನದನ್ನು ಮಾತ್ರ ಮೂಸಲಿಲ್ಲ. ಮುಖ ನೋಡಿದರೇ ಸಜ್ಜನ ಎಂದು ಗೊತ್ತಾಗುತ್ತದೆ ಎಂದು ನಾನು ವಾರವಿಡೀ ಹೇಳಿಕೊಂಡು ತಿರುಗಿದೆ.

ಗುಲಾಬಿ ಶರಬತ್ತು

ಪಂಚೆಯ ಪ್ರಕರಣದ ನಂತರ ಸಾಹೇಬರು ಸಂಬಂಧ ಬೇಡವೆಂದು ಖಡಾಖಂಡಿತ ಹೇಳಿಬಿಟ್ಟರು. ಅವತ್ತು ನನಗೆ ನಿಜವಾಗಿಯೂ ದುಃಖವಾಯಿತು. ಮ್ಯಾನೇಜರು ತಂದುಕೊಟ್ಟ ಇಡ್ಲಿಯನ್ನೂ ಹಾಗೇ ತಿರುಗಿ ಕೊಟ್ಟೆ. ಆದರೆ ಸಾಹೇಬರ ಮನೆಯಾಕೆ ಹಟದವರು. "ಹೊಲಿಗೆ ಬರೋ ಗಂಡು ಎಲ್ಲಿ ಸಿಗ್ತಾನೆ? ಒಂದು ಸಲ ಮನೆಗೆ ಕರೆದು ಮಾತಾಡಿಸಿ, ಆಮೇಲೆ ಬೇಡ ಅನ್ನಿ" ಎಂದು ಪಟ್ಟು ಹಿಡಿದರು. ಸೋದರಮಾವನ ಜೊತೆ ನಾನು ಹೋದೆ. ಚಾಕು ಮನೆಯಲ್ಲಿಟ್ಟು ಬಾ ಎಂದು ಮಾವ ಹೇಳಿದ್ದರು. ಬಲಜೇಬು ಖಾಲಿ ಇದ್ದರೆ ನನಗೆ ನಡೆಯುವುದೇ ವಾಲಿದಂತೆ ಆಗುತ್ತದೆ, ಹಾಗಾಗಿ ಇಟ್ಟುಕೊಂಡೇ ಹೋದೆ.

ಸಾಹೇಬರು ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದರು. ಒಳಗಿನಿಂದ ಹುಡುಗಿ ಗುಲಾಬಿ ಶರಬತ್ತಿನ ಹೊಸ ಬಾಟ್ಲಿ ಹಿಡಿದು ಬಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಡವರಿಸುತ್ತಿತ್ತು. "ಅಮ್ಮಾ, ಬೂಚು ಅಟಕ್ ಆಗಿದೆ, ನಿಕಲ್ತಾನೇ ಇಲ್ಲ" ಎಂದಳು. ಬಾಟ್ಲಿಯ ಬೂಚು ಮುರಿದು ಅರ್ಧ ಒಳಗೇ ಕೂತಿತ್ತು.

ನನ್ನ ಕೈ ತಾನಾಗಿ ಬಲಜೇಬಿಗೆ ಹೋಯಿತು. ಸಾಹೇಬರು "ನೋಡಿದೆಯಾ, ಇಲ್ಲಿಗೂ ತಂದಿದಾನೆ" ಎನ್ನುವ ಹಾಗೆ ಹೆಂಡತಿಯ ಕಡೆ ನೋಡಿದರು. ನಾನು ಸಣ್ಣ ಅಲಗಿನಿಂದ ಚುಚ್ಚಿದೆ, ಬೂಚಿನ ಪುಡಿ ಉದುರಿತು. ಡಬ್ಬಿಯ ಕೊಕ್ಕೆಯಿಂದ ಕೆದಕಿದೆ, ಬೂಚು ಇನ್ನೂ ಕೆಳಗೆ ಇಳಿಯಿತು. ಹುಡುಗಿ ನೋಡುತ್ತಿದ್ದಳು.

"ಆ ಇನ್ನೊಂದು ಏನಪ್ಪ, ತಿರುಚಿದ್ದು? ಅದರಿಂದ ಆಗುತ್ತೇನೋ" ಎಂದರು ಮನೆಯಾಕೆ.

"ಛೇ, ಅದು ಇದಕ್ಕಲ್ರಿ. ಅದು ಪೈಜಾಮದ ಲಾಡಿ ತೆಗಿಯೋದು" ಎಂದೆ.

ಸಾಹೇಬರಿಗೆ ತಾಳ್ಮೆ ಮುಗಿಯಿತು. "ನಿನ್ನ ತಲೆ! ಕೊಡಯ್ಯಾ ಇಲ್ಲಿ!" ಎಂದು ಎದ್ದರು. ನಾನು ರೂಢಿಯ ಪ್ರಕಾರ ಚಾಕುವನ್ನು ನೆಲಕ್ಕಿಡಲು ಬಗ್ಗಿದೆ. "ಇದೊಂದು ಮೂಢನಂಬಿಕೆ ಬೇರೆ!" ಎಂದು ನನ್ನ ಕೈಯಿಂದಲೇ ಕಿತ್ತುಕೊಂಡರು.

ಆಮೇಲೆ ನಡೆದದ್ದನ್ನು ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಸಾಹೇಬರು ಚಾಕುವಿನ ಕಡೆ ಕಣ್ಣೂ ಹಾಯಿಸದೆ ಹೆಬ್ಬೆರಳ ಉಗುರಿನಲ್ಲಿ ಕಂಬಿ ಬಿಚ್ಚಿದರು. ಬಾಟ್ಲಿಯನ್ನು ಎರಡು ಮೊಣಕಾಲ ನಡುವೆ ಸಿಕ್ಕಿಸಿದರು. ಸರಸರ ತಿರುವಿ ಒಂದೇ ಎಳೆತ, ಟಪ್! ಅಂಗೈಯಿಂದ ಬಾಟ್ಲಿಯ ಬಾಯಿ ಒರೆಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಉಳಿಯುತ್ತಿದ್ದರೇನೋ. ಕಂಬಿಗೆ ಚುಚ್ಚಿಕೊಂಡಿದ್ದ ಬೂಚನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಹಿತವಾಗಿ ಒಂದು ಸಲ ಮೂಸಿದರು.

ಹುಡುಗಿ ಚಪ್ಪಾಳೆ ತಟ್ಟಿದಳು. "ಅಪ್ಪಾ, ಎಷ್ಟು ಜಲ್ದಿ!"

ಸಾಹೇಬರು ಕಣ್ಣು ಬಿಟ್ಟರು. ಎದುರಿಗೆ ಅವರ ಮನೆಯಾಕೆ ನಿಂತಿದ್ದರು.

"ಏನೂಂದ್ರೆ," ಎಂದರು ಆಕೆ ಬಹಳ ನಿಧಾನವಾಗಿ, "ಈ ಚಾಕು ಇಟ್ಕೊಂಡಿರೋ ಹುಡುಗನಿಗೆ ಅದು ಯಾತಕ್ಕೆ ಅಂತಲೇ ಗೊತ್ತಿಲ್ಲ. ಚಾಕು ಮುಟ್ಟದ ನೀವು ಹೀಗೆ ಬೂಚು ತೆಗೆದು ಮೂಸೋದನ್ನ ಎಲ್ಲಿ ಕಲಿತಿರಿ?"

ಸಾಹೇಬರು ಬಾಟ್ಲಿಯನ್ನು ನೋಡಿದರು, ಬೂಚನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಹುಡುಗ ಒಳ್ಳೆಯವನು ಕಣೇ," ಎಂದರು. "ಮುಹೂರ್ತ ಯಾವಾಗ ಇಟ್ಕೊಳ್ಳೋಣ?"

ಮದುವೆಯಾಯಿತು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ. ಆದರೆ ಅತ್ತೆ-ಮಾವಂದಿರ ನಡುವೆ ಅವತ್ತು ಶುರುವಾದ ಆ ವಿಚಾರಣೆ ಮುಂದೆ ವರ್ಷಗಟ್ಟಲೆ ನಡೆಯಿತು. ನಾನು ಯಾವಾಗ ಅವರ ಮನೆಗೆ ಹೋಗಿ ಹಣ್ಣು ಹೆಚ್ಚಲು ಜೇಬಿಗೆ ಕೈ ಹಾಕಿದರೂ, ಮೂಢನಂಬಿಕೆಗಳನ್ನೆಲ್ಲ ಹೀಗಳೆಯುತ್ತಿದ್ದ ನಮ್ಮ ಮಾವನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಆತುಕೊಂಡು ಕೂಗುತ್ತಿದ್ದರು: "ಕೆಳಗಿಡಪ್ಪಾ, ಕೆಳಗಿಡು! ಕೈಯಲ್ಲಿ ಮಾತ್ರ ಕೊಡಬೇಡ!"