ಹಿಮಾಲಯದ ಮಕ್ಕಳಿಗೆ ಮುದ್ದೆ ನಿಷೇಧ

ಮಕ್ಕಳು ಮನೆಗೆ ಬಂದ ದಿನವೇ ತಿಪ್ಪೇರುದ್ರ ರಾಗಿಮುದ್ದೆಯನ್ನು ಗಡಿಪಾರು ಮಾಡಿದ. ಮುದ್ದೆ ನುಂಗಿಯೇ ಮೀಸೆ ಬೆಳೆಸಿದ ಚಳ್ಳಕೆರೆಯ ಗಂಡಸು, ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು ಹೆಂಡತಿ ನಾಗರತ್ನಳಿಗೆ ರಾಜಾಜ್ಞೆ ಹೊರಡಿಸಿದ: "ಹಿಮಾಲಯದ ಮಕ್ಳು ಕಣೇ. ಗಂಟ್ಲಾಗೆ ಸಿಕ್ಕಂಡ್ರೆ ನೇಪಾಳ ಸರ್ಕಾರಕ್ಕೆ ಜವಾಬು ಕೊಡೋರು ಯಾರು?"

ನೇಪಾಳ ಸರ್ಕಾರ ಯಾಕೆ ಬಂತು ಅಂದರೆ, ಆ ಮಕ್ಕಳು ಅಲ್ಲಿಯವರು. ತಿಪ್ಪೇರುದ್ರ ಗುಮಾಸ್ತನಾಗಿದ್ದ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಸೀಟಿ ಊದುತ್ತಾ ಕಾವಲು ಕಾಯುತ್ತಿದ್ದ ಗೂರ್ಖ ಬಹಾದ್ದೂರ್ ಜ್ವರ ಬಂದು ತೀರಿಕೊಂಡ. ಅಲ್ಲಿ ಅವನೂರಲ್ಲಿ ತಾಯಿಯೂ ಇಲ್ಲದ ಎರಡು ಮಕ್ಕಳು. ಇಲ್ಲಿ ಮಕ್ಕಳಿಲ್ಲದ ಗಂಡ ಹೆಂಡತಿ. ಕೋರ್ಟು ಕಚೇರಿ ಅಲೆದು, ರೈಲು ಬಸ್ಸು ಬದಲಿಸಿ, ಹನ್ನೆರಡರ ಮನಮಾಯಾಳನ್ನೂ ಹತ್ತರ ಟೇಕನನ್ನೂ ಕರೆತಂದರು. ದೊಡ್ಡ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಕಷ್ಟವೇನೆಂದರೆ, ಅದು ದೊಡ್ಡ ಕೆಲಸ ಅಂತ ತಿಪ್ಪೇರುದ್ರನಿಗೂ ಗೊತ್ತಿತ್ತು.

ಊರಿನ ಸಂಘದವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. (ಮೇಲಿನ ಸೇಬು ತೆಗೆದರೆ ಕೆಳಗೆಲ್ಲ ಬಾಳೆಕಾಯಿ.) ನಮ್ಮ ಮನೆ ಹೊಸ್ತಿಲಿಗೆ ದೇಶದ ಗಡಿಯೂ ಗೊತ್ತಿಲ್ಲ, ಜಾತಿಯೂ ಗೊತ್ತಿಲ್ಲ ಎಂದು ಇವನು ಭಾಷಣ ಬಿಗಿದ. ವೇದಿಕೆ ಇಳಿಯುತ್ತಿದ್ದಂತೆ ದೊಡ್ಡಪ್ಪ ಪೆದ್ದಣ್ಣ ಪಕ್ಕಕ್ಕೆ ಕರೆದು, ಮಕ್ಕಳು ಯಾವ ಪೈಕಿ ಎಂದು ಕೇಳಿದ್ದಕ್ಕೆ, ಅದೇ ಬಾಯಿ ಮುದುಕನ ಕಿವಿಗೆ ಪಿಸುಗುಟ್ಟಿತು: "ಗೂರ್ಖ ಅಂದ್ರೆ ಕ್ಷತ್ರಿಯರು ದೊಡ್ಡಪ್ಪ. ಕತ್ತಿ ಹಿಡಿದೋರು." ಮೈಕಿಗೊಂದು, ಕಿವಿಗೊಂದು. ನಮ್ಮಲ್ಲಿ ಸುಧಾರಣೆ ಇಷ್ಟರಮಟ್ಟಿಗೆ ಆಗಿದೆ.

ಸರಿ, ಕ್ಷತ್ರಿಯರಿಗೆ ತಕ್ಕ ಊಟ ಆಗಬೇಕಲ್ಲ. ಬೇಕರಿಯ ಬ್ರೆಡ್ಡು, ಜಾಮು, ನೂಡಲ್ಸು, ಖಾರವಿಲ್ಲದ ಆಲೂಗಡ್ಡೆ. ಮಕ್ಕಳು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದವು. ಇವನು ತನಗೆ ಬರುವ ಮೂರೂವರೆ ಹಿಂದಿಯಲ್ಲಿ "ಅಚ್ಛಾ ಹೈ?" ಅಂದರೆ, "ಅಚ್ಛಾ ಹೈ, ಸಾಬ್" ಎಂದು ತಲೆಯಾಡಿಸುತ್ತಿದ್ದವು. ಸತ್ತ ಅಪ್ಪ ಕರೆಯುತ್ತಿದ್ದಂತೆಯೇ, ಸಾಬ್.

ಶಾಲು, ಭಾಷಣ ಪಕ್ಕಕ್ಕಿಟ್ಟು ಹೇಳಬೇಕೆಂದರೆ ತಿಪ್ಪೇರುದ್ರನಿಗೆ ಆ ಮಕ್ಕಳೆಂದರೆ ಜೀವ. ಹೀಗೆ ಉಣ್ಣದೆ ಉಣ್ಣದೆ ಒಂದು ದಿನ ಊರಿಗೆ ಹೋಗ್ತೀವಿ ಅಂದುಬಿಟ್ಟರೆ ಎಂದು ಹೆದರಿದ. ಚಿತ್ರದುರ್ಗದಿಂದ ಚೀಸು ತರಿಸಿದ. (ಬೀದಿನಾಯಿಯೂ ಮೂಸಲಿಲ್ಲ.) ಡಾಕ್ಟರ ಹತ್ತಿರ ಕರೆದೊಯ್ದರೆ ಅವರು ತೂಕ ನೋಡಿ, ಮಕ್ಕಳು ಗುಂಡುಗುಂಡಗಾಗಿವೆ, ನೀವೇ ಇಳಿದುಹೋಗಿದ್ದೀರಿ ಎಂದರು. ನಿಜವೇ, ಟೇಕನ ಚಡ್ಡಿ ಬಿಗಿಯಾಗಿತ್ತು; ಮುದ್ದೆ ಬಿಟ್ಟ ಇವನ ಪ್ಯಾಂಟು ಜಾರುತ್ತಿತ್ತು.

ಉಣ್ಣದ ಮಕ್ಕಳು ದಪ್ಪಗಾಗುವುದು ಹೇಗೆ? ರಾಗಿಯೇ ಬೇಯದ ಮನೆಯ ಹೆಂಡತಿ ವಾರವಾರ ಹಿಟ್ಟಿನ ಗಿರಣಿಗೆ ಹೋಗುವುದು ಯಾಕೆ? ಎರಡನೆಯ ಪ್ರಶ್ನೆ, ಗಂಡನಾದ್ದರಿಂದ, ಅವನಿಗೆ ಹೊಳೆಯಲಿಲ್ಲ. ಮೊದಲನೆಯದರ ಬೆನ್ನು ಹತ್ತಿ ಒಂದು ಶುಕ್ರವಾರ ಸಂಜೆ, ಆಟಕ್ಕೆಂದು ಹೊರಟ ಮಕ್ಕಳ ಹಿಂದೆ ಪತ್ತೇದಾರನ ಹಾಗೆ ಹೊರಟ.

ಮಕ್ಕಳು ಮಿಲ್ಲು ದಾಟಿದವು, ಶೇಂಗಾ ಸಿಪ್ಪೆಯ ಗುಡ್ಡೆ ದಾಟಿದವು, ಹಿಂದಿನ ಕೇರಿಗೆ ಇಳಿದು ಕೆಂಚಕ್ಕನ ಮನೆಗೆ ನುಗ್ಗಿದವು. ಕೆಂಚಕ್ಕ ಮಿಲ್ಲಿನಲ್ಲಿ ಶೇಂಗಾ ಕೇರುವವಳು; ಬಹಾದ್ದೂರ್ ಬದುಕಿದ್ದಾಗ ಉಣ್ಣುತ್ತಿದ್ದದ್ದು ಅವಳ ಮನೆಯಲ್ಲೇ. ಸ್ವಲ್ಪ ಹೊತ್ತು ಬೇವಿನ ಮರದ ಮರೆಯಲ್ಲಿ ನಿಂತು ತಿಪ್ಪೇರುದ್ರ ಬಾಗಿಲಲ್ಲಿ ಇಣುಕಿದ. ಒಲೆ ಮುಂದೆ ಮನಮಾಯಾ ಮುದ್ದೆಕೋಲು ಹಿಡಿದು, ಒಂದು ಗಂಟೂ ಇಲ್ಲದಂತೆ ಹಿಟ್ಟು ತಿರುವುತ್ತಿದ್ದಳು. ಟೇಕ ಹುರುಳಿಸಾರು ಬಡಿಸುತ್ತಿದ್ದ. ಮೂಲೆಯಲ್ಲಿ ತಟ್ಟೆ ಹಿಡಿದು ಕಾಯುತ್ತಿದ್ದವಳು ಸಾಕ್ಷಾತ್ ನಾಗರತ್ನ.

"ಇದೇನೇ ಇದು?"

"ನೀವು ಓಡಿಸಿದ್ದು ಇಲ್ಲಿ ಬಂದು ಕುಂತೈತೆ ಕಣ್ರೀ," ಅಂದಳು ನಾಗರತ್ನ, ತಟ್ಟೆ ಕೆಳಗಿಡದೆ.

"ನಮ್ಮೂರಾಗೂ ಇದೇ ಉಣ್ಣೋದು ಸಾಬ್," ಮನಮಾಯಾ ಅಂದಳು. "ಢಿಂಡೊ ಅಂತೀವಿ. ಉಂಡೆ ಕಟ್ಟಲ್ಲ, ಅಷ್ಟೇಯ. ನೀವು ಕೇಳ್ಲೇ ಇಲ್ಲ."

ಮನೆಯಲ್ಲಿ ಅಚ್ಛಾ ಹೈ ಬಿಟ್ಟರೆ ಬಾಯಿ ಬಿಡದ ಹುಡುಗಿ ಕೆಂಚಕ್ಕನ ಕನ್ನಡವನ್ನು ಪಟಪಟ ಉದುರಿಸುತ್ತಿದ್ದಳು. ಅಷ್ಟರಲ್ಲಿ ಕೆಂಚಕ್ಕ, ಲೋಕ ಕಂಡವಳು, ತಡಬಡಿಸಿ ಎದ್ದು ಹೊರಗೆ ಮರದ ಕೆಳಗೆ ಇವನಿಗೊಂದು ಚಾಪೆ ಹಾಸಿದಳು. ಒಳಗೆ ಜಾಗ ಐತಲ್ಲ, ಹೊರಗ್ಯಾಕೆ ಎಂದು ಟೇಕ ಕೇಳಿದ. ಇವತ್ತು ಶನಿವಾರ, ಒಪ್ಪತ್ತು ಎಂದ ತಿಪ್ಪೇರುದ್ರ. ಶುಕ್ರವಾರ ಎಂದಳು ನಾಗರತ್ನ. ಹಾಗಾದರೆ ಗ್ಯಾಸ್ಟ್ರಿಕ್ ಎಂದ. ಮನಮಾಯಾ ಕೋಲು ಕೆಳಗಿಟ್ಟು ಅವನನ್ನೇ ನೋಡಿದಳು.

"ನಮ್ಮೂರಾಗೆ ನಮ್ಮನ್ನೂ ಹಿಂಗೇ ಹೊರಗೆ ಕೂಡಿಸ್ತಿದ್ರು ಸಾಬ್. ನಮ್ಮ ತಾತ ಕಬ್ಬಿಣ ಬಡಿಯೋನು. ನಾವು ಮುಟ್ಟಿದ ನೀರು ಯಾರೂ ಕುಡೀತಿರ್ಲಿಲ್ಲ."

ತಿಪ್ಪೇರುದ್ರನ ಕ್ಷತ್ರಿಯ ವಂಶ ಕತ್ತಿ ಸಮೇತ ಕುಸಿದುಬಿತ್ತು. ದಿನಾ ಬೆಳಗ್ಗೆ ಈ ಹುಡುಗಿಯ ಕೈಯಿಂದಲೇ ಟೀ ಇಸಿದುಕೊಂಡು, ಚೆನ್ನಾಗಿದೆಯೆಂದು ಇನ್ನೊಂದು ಲೋಟ ಕೇಳಿ ಕುಡಿದಿದ್ದ. ಆಕಾಶವೇನೂ ಬಿದ್ದಿರಲಿಲ್ಲ. ಅಷ್ಟು ದೂರದಿಂದ ಇವಳನ್ನು ಕರೆತಂದದ್ದು ಇಲ್ಲಿಯೂ ಒಂದು ಹೊರಗಿನ ಚಾಪೆ ತೋರಿಸುವುದಕ್ಕೇನು? ಚಪ್ಪಲಿ ಬಿಟ್ಟ. ತಲೆ ಬಾಗಿಸಿದ. (ಬಾಗಿಲು ಗಿಡ್ಡ, ಬೇರೆ ದಾರಿಯಿರಲಿಲ್ಲ.) ಒಳಗೆ ಹೋಗಿ ಕೂತ.

ತಿಂಗಳುಗಳ ಹಸಿವು. ಎರಡು ಮುದ್ದೆ ಇಳಿದದ್ದೇ ಗೊತ್ತಾಗಲಿಲ್ಲ. ಮೂರನೆಯದಕ್ಕೆ ಚಾಚಿದ ಕೈಗೆ, ಅದು ಟೇಕನದೆಂದು ನಾಗರತ್ನ ಪಟ್ಟೆಂದು ಒಂದೇಟು ಕೊಟ್ಟಳು. ಹೊಟ್ಟೆ ತುಂಬಿದ ಮೇಲೆ ಹಳೆಯ ಚಟ ತಲೆಯೆತ್ತಿತು. ಗಂಟಲು ಸರಿಮಾಡಿಕೊಂಡು, ಮುಂದಿನ ಸಭೆಯಲ್ಲಿ ಈ ಊಟದ ಬಗ್ಗೆಯೇ ಮಾತಾಡುತ್ತೇನೆ ಎಂದ.

"ಸಭೆ ಇರ್ಲಿ ಸಾಬ್," ಅಂದಳು ಮನಮಾಯಾ. "ನಾಳೆ ನಮ್ಮನೇಲಿ ನಾನು ಮುದ್ದೆ ಮಾಡ್ತೀನಿ. ಕೆಂಚಕ್ಕನ್ನ ನೀವೇ ಕರೀರಿ."

ಮಾತಿನ ಮಲ್ಲ ಖಾಲಿ ತಟ್ಟೆಯನ್ನೇ ಇನ್ನೊಮ್ಮೆ ಬಳಿದ. ಕೆಂಚಕ್ಕನೇ ಕೇಳಿದಳು: "ಬರ್ತೀನಿ ಸಾಮಿ. ಮುಂಬಾಗ್ಲಿಂದ ಬರ್ಲಾ, ಹಿತ್ಲ ಬಾಗ್ಲಿಂದ ಬರ್ಲಾ? ಈಗ್ಲೇ ಹೇಳ್ಬಿಡ್ರಿ. ಆಮ್ಯಾಕೆ ಸುತ್ತು ಹೊಡಿಸಬ್ಯಾಡ್ರಿ, ಮಂಡಿ ನೋವೈತೆ."

"ಮುಂಬಾಗ್ಲಿಂದ," ಎಂದ ತಿಪ್ಪೇರುದ್ರ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಕೇಳಿಸ್ಲಿಲ್ಲ," ಅಂದ ಟೇಕ.

ತಿಪ್ಪೇರುದ್ರ ಇನ್ನೊಮ್ಮೆ ಹೇಳಿದ. ಈ ಸಲ ಎದುರುಮನೆಯವರು, ಯಾರದೋ ಜಗಳ ಅಂದುಕೊಂಡು, ಹೊರಗೆ ಬಂದು ನಿಂತರು.