ಬ್ಲೇಡ್ ನಿಲ್ಲುವ ತನಕ

ಟೇಬಲ್ ಗರಗಸದ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ತೊಂದರೆ ಒಂದೇ, ನಗು ಬರುವುದು ಹೊಲಿಗೆ ಬಿಚ್ಚಿದ ಮೇಲೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ನಾನು ಮತ್ತು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಒಂದು ಮರಗೆಲಸದ ಶೆಡ್ ಇಟ್ಟುಕೊಂಡಿದ್ದೇವೆ. ಬಾಗಿಲು, ಕಿಟಕಿ, ರೇಷ್ಮೆ ಹುಳು ಸಾಕುವ ಮನೆಗಳಿಗೆ ಸ್ಟ್ಯಾಂಡು, ಇದು ನಮ್ಮ ಕೆಲಸ. ಷಡ್ಡಕನಿಗೆ ಹತ್ತು ಬೆರಳು. ನನಗೆ ಎಂಟು. ಇದರಲ್ಲಿ ಅವನ ಜಾಣತನವೇನೂ ಇಲ್ಲ, ಆ ಹೊತ್ತಿಗೆ ಅವನು ಟೀ ಕುಡಿಯಲು ಹೋಗಿದ್ದ.

೧. ಟಿಫನ್ ಡಬ್ಬಿ

ಮೊದಲು ನನ್ನದೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬೇರೆಯವರದು ಹೇಳುವ ಅಧಿಕಾರ ನನಗೆ ಬರುವುದಿಲ್ಲ.

ಮರವನ್ನು ಉದ್ದಕ್ಕೆ ಸೀಳುವುದು ಬೇರೆ, ಅಡ್ಡ ಕೊಯ್ಯುವುದು ಬೇರೆ. ಸೀಳುವಾಗ ಎಂಥವನಿಗೂ ಸ್ವಲ್ಪ ಭಯವಿರುತ್ತದೆ. ಅಡ್ಡ ಕೊಯ್ಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ, ಅದಕ್ಕೆ ಯಾರೂ ಹೆದರುವುದಿಲ್ಲ. ಆ ದಿನ ಹುಳು ಮನೆಯ ಸ್ಟ್ಯಾಂಡಿಗೆ ಮೂರಿಂಚಿನ ತುಂಡುಗಳು ರಾಶಿ ರಾಶಿ ಬೇಕಿದ್ದವು. ಎಲ್ಲ ಒಂದೇ ಅಳತೆಗೆ ಬರಲಿ ಎಂದು ಬ್ಲೇಡಿನ ಬಲಗಡೆಯ ಕಬ್ಬಿಣದ ಗೈಡನ್ನು ಮೂರಿಂಚಿಗೆ ಬಿಗಿದೆ. ಪಟ್ಟಿಯ ತುದಿಯನ್ನು ಅದಕ್ಕೆ ಒತ್ತಿ ಹಿಡಿದು ತಳ್ಳುತ್ತಾ ಹೋದೆ. ಹೀಗೆ ಮಾಡಿದರೆ ಕೊಯ್ದ ತುಂಡು ಬ್ಲೇಡಿಗೂ ಗೈಡಿಗೂ ನಡುವೆ ಇವತ್ತಲ್ಲ ನಾಳೆ ಸಿಕ್ಕಿಕೊಂಡೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಿತು. ಬಲಗೈಯಲ್ಲಿ ಸ್ವಿಚ್ ಆಫ್ ಮಾಡಿದೆ. ಬ್ಲೇಡ್ ಇನ್ನೂ ಸುತ್ತುತ್ತಿತ್ತು. ಅದು ನಿಲ್ಲುವ ತನಕ ಕಾಯುವ ತಾಳ್ಮೆಯಿಲ್ಲದೆ ಎಡಗೈಯನ್ನು ಅದರ ಮೇಲಿಂದ ಚಾಚಿ ತುಂಡು ತೆಗೆಯಲು ಹೋದೆ. ತುಂಡು ಎಗರಿತು, ಬೆಚ್ಚಿದ ಕೈ ಕೆಳಗಿಳಿಯಿತು. ಉಂಗುರದ ಬೆರಳು, ಕಿರುಬೆರಳು, ಎರಡೂ ಹೋದವು.

ಟೀ ಮುಗಿಸಿ ಬಂದ ಷಡ್ಡಕ ನನ್ನ ಕೈಗೆ ಟವಲ್ ಸುತ್ತಿದ. ಆಮೇಲೆ ಮರದ ಹೊಟ್ಟಿನ ರಾಶಿಯಲ್ಲಿ ಕೂತು ಹುಡುಕಿದ. ಜ್ಯೂಸ್ ಅಂಗಡಿಯಿಂದ ಐಸ್ ತಂದು ನನ್ನ ಊಟದ ಡಬ್ಬಿಗೆ ತುಂಬಿದ, ಸಿಕ್ಕಿದ್ದನ್ನು ಅದರಲ್ಲಿಟ್ಟ. ಹೀಗೆ ನಾವು ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದೆವು. ಡಾಕ್ಟರು ಡಬ್ಬಿ ತೆರೆದು ಬಹಳ ಹೊತ್ತು ನೋಡಿದರು.

"ಇದು ಬೆರಳು, ಸರಿ. ಇದೇನು?"

"ಅದೂ ಬೆರಳೇ ಸಾರ್. ಎರಡು ಹೋಗಿದ್ವು, ಎರಡೂ ತಂದಿದೀನಿ," ಎಂದ ಷಡ್ಡಕ.

"ಇದು ಮರ ಕಣ್ರೀ."

ನಾನು ಮಲಗಿದ್ದಲ್ಲಿಂದಲೇ ಕತ್ತು ಎತ್ತಿ ನೋಡಿದೆ. ರಕ್ತ ಹತ್ತಿದ್ದರೂ ಗುರುತು ಸಿಕ್ಕಿತು. "ಸಿಲ್ವರ್ ಓಕ್ ಸಾರ್," ಅಂದೆ.

ಗರಗಸ ಚಾಕುವಿನ ಹಾಗೆ ಕತ್ತರಿಸುವುದಿಲ್ಲ, ಅರೆಯುತ್ತದೆ. ಸಿಕ್ಕಿದ್ದ ಬೆರಳನ್ನೂ ಜೋಡಿಸಲು ಆಗಲಿಲ್ಲ. ಸಿಗದ ಬೆರಳು ಹೊಟ್ಟಿನ ಮೂಟೆಯೊಂದಿಗೆ ಯಾವುದೋ ರೇಷ್ಮೆ ನೂಲು ತೆಗೆಯುವವರ ಒಲೆ ಸೇರಿರಬೇಕು. ಆಸ್ಪತ್ರೆಯವರು ತೊಳೆದು ನನಗೆ ವಾಪಸ್ ಕೊಟ್ಟದ್ದು ಮರದ ತುಂಡು ಮಾತ್ರ.

೨. ಬೀರುವಿನಲ್ಲಿದ್ದದ್ದು

ಆಗ ನನ್ನ ಮಗಳು ನರ್ಸಿಂಗ್ ಓದುತ್ತಿದ್ದಳು. ಮನೆಯಲ್ಲಿ ನನ್ನ ಕೈಗೆ ಡ್ರೆಸ್ಸಿಂಗ್ ಮಾಡುತ್ತಾ ಒಂದು ದಿನ ಕೇಳಿದಳು, "ಅಪ್ಪ, ಆ ಬ್ಲೇಡಿನ ಮೇಲೆ ಮುಚ್ಚೋಕೆ ಏನೂ ಇರಲ್ವಾ?"

"ಇರತ್ತಮ್ಮ. ಮೆಷಿನ್ ಜೊತೆ ಒಂದು ಕವರ್ ಕೊಟ್ಟಿದ್ರು."

"ಎಲ್ಲಿ?"

ನಾನು ಪಕ್ಕದಲ್ಲೇ ಕೂತಿದ್ದ ಷಡ್ಡಕನ ಮುಖ ನೋಡಿದೆ. ಅವನು ಎದ್ದು ಹೋಗಿ ತನ್ನ ಮನೆಯ ಬೀರು ತೆಗೆದು, ಅವನ ಮದುವೆಯ ರೇಷ್ಮೆ ಪಂಚೆಯ ಕೆಳಗಿಂದ ಕವರನ್ನು ತಂದ. ಮೆಷಿನ್ ತಂದು ಆರು ವರ್ಷವಾದರೂ ಕಂಪನಿಯ ಪ್ಲಾಸ್ಟಿಕ್ ಹಾಗೇ ಇತ್ತು. ಒಳಗೆ ನುಸಿಗುಳಿಗೆ ಬೇರೆ ಹಾಕಿದ್ದ.

"ಶೆಡ್ಡಲ್ಲಿ ಧೂಳು. ಹಾಳಾಗತ್ತೆ ಅಂತ ಜೋಪಾನವಾಗಿ ಇಟ್ಟಿದ್ದೆ," ಎಂದ.

ಮಗಳು ಕವರನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದಳು. "ಚಿಕ್ಕಪ್ಪ, ಅಪ್ಪನ ಬೆರಳನ್ನೂ ನೀವೇ ಇಟ್ಕೊಂಡಿದ್ದಿದ್ರೆ ಚೆನ್ನಾಗಿತ್ತು," ಅಂದಳು.

೩. ಚಪ್ಪಲಿ ಬಿಟ್ಟು ಬಂದವರು

ಕೈ ವಾಸಿಯಾದ ಮೇಲೆ ನಾನು ಬದಲಾದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹೇಳಿದ್ದು.

ಒಂದು ಅಗಲ ಹಲಗೆಯ ತಳಕ್ಕೆ ಎರಡು ಪಟ್ಟಿ ಹೊಡೆದು, ಅವು ಮೆಷಿನ್ ಮೇಲಿನ ಕಾಲುವೆಯಂಥ ಉದ್ದ ತಗ್ಗುಗಳಲ್ಲಿ ಜಾರುವಂತೆ ಮಾಡಿದೆ. ಕೊಯ್ಯುವ ಮರ ಹಲಗೆಯ ಮೇಲೆ ಕೂರುತ್ತದೆ, ನಾವು ಹಲಗೆಯನ್ನು ತಳ್ಳುತ್ತೇವೆ, ಕೈ ಬ್ಲೇಡಿನಿಂದ ದೂರವೇ ಇರುತ್ತದೆ. ಷಡ್ಡಕ ಅದಕ್ಕೆ 'ಬಂಡಿ' ಎಂದು ಹೆಸರಿಟ್ಟ. ಇನ್ನು ಅಳತೆ. ಆಸ್ಪತ್ರೆಯಿಂದ ಬಂದ ಸಿಲ್ವರ್ ಓಕ್ ತುಂಡನ್ನು ಗೈಡಿಗೆ, ಬ್ಲೇಡಿಗಿಂತ ಒಂದು ಮೊಳ ಈಚೆಗೆ, ನಾವು ನಿಲ್ಲುವ ಕಡೆಗೆ ಬಿಗಿದೆ. ಪಟ್ಟಿಯ ತುದಿ ಆ ತುಂಡಿಗೆ ಮುಟ್ಟಿದರೆ ಅಳತೆ ಮುಗಿಯಿತು. ಅಲ್ಲಿಂದ ಮುಂದೆ ತಳ್ಳುವಾಗ ಪಟ್ಟಿಗೂ ಗೈಡಿಗೂ ನಡುವೆ ಖಾಲಿ ಜಾಗ, ಕೊಯ್ದ ತುಂಡು ಸಿಕ್ಕಿಕೊಳ್ಳುವ ಮಾತೇ ಇಲ್ಲ. ಇಷ್ಟು ಸಣ್ಣ ಉಪಾಯ ಎರಡು ಬೆರಳು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಯಮಗಳನ್ನೂ ಮಾಡಿದೆ. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ತುಂಬು ತೋಳಿನ ಅಂಗಿ, ವಾಚು, ಉಂಗುರ ಕೂಡದು. ಸ್ವಿಚ್ ಆಫ್ ಮಾಡಿದ ಮೇಲೆ ಬ್ಲೇಡ್ ಪೂರ್ತಿ ನಿಲ್ಲುವ ತನಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರಬೇಕು. ಕೊನೆಯ ನಿಯಮ ಬಹಳ ಮುಖ್ಯ, ಯಾಕೆಂದರೆ ಕೈಗೆ ಬುದ್ಧಿ ಇಲ್ಲ.

ಒಮ್ಮೆ ಜಂಗಮಕೋಟೆಯ ಕಡೆಯ ರೈತರೊಬ್ಬರು ಸ್ಟ್ಯಾಂಡ್ ಮಾಡಿಸಲು ಬಂದರು. ಆಗ ತಾನೇ ಸ್ವಿಚ್ ಆಫ್ ಮಾಡಿ ನಾವಿಬ್ಬರೂ ಕೈ ಹಿಂದೆ ಕಟ್ಟಿ, ತಲೆ ಬಗ್ಗಿಸಿ, ಬ್ಲೇಡನ್ನೇ ನೋಡುತ್ತಾ ನಿಂತಿದ್ದೆವು. ಬ್ಲೇಡ್ ನಿಂತ ಮೇಲೆ ತಿರುಗಿದರೆ ಅವರು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ಕೈಮುಗಿದು ನಿಂತಿದ್ದಾರೆ.

"ಪೂಜೆ ಆಯ್ತಾ? ಒಳಕ್ಕೆ ಬರಬಹುದಾ?" ಎಂದು ಕೇಳಿದರು.

"ಬನ್ನಿ," ಎಂದ ಷಡ್ಡಕ. "ದೇವರು ಇವತ್ತು ಏನೂ ಕೇಳಲಿಲ್ಲ."

೪. ಗಂಡು ನೋಡಿದ್ದು

ಮಗಳು ಓದು ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಕೆಲಸಕ್ಕೆ ಸೇರಿದಳು. ಎರಡು ವರ್ಷದ ಮೇಲೆ ಒಬ್ಬ ಹುಡುಗನ ವಿಷಯ ತಾನೇ ಹೇಳಿದಳು. ಗೌರಿಬಿದನೂರು ತಾಲ್ಲೂಕು, ತೊಂಡೇಬಾವಿ ಹತ್ತಿರ. ಪರಿಚಯವಾದದ್ದು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ. ಅವನು ತನ್ನ ತಂದೆಯನ್ನು ಕರೆದುಕೊಂಡು ಬಂದಿದ್ದನಂತೆ.

"ತಂದೆಗೆ ಏನಾಗಿತ್ತಮ್ಮ?"

"ಬೆರಳು."

ಬಿಡಿಸಿ ಕೇಳಿದೆ. ಅವರದೂ ಮರಗೆಲಸವೇ, ಅಪ್ಪ ಮಗ ಸೇರಿ ಬಾಗಿಲು ಮಾಡುತ್ತಾರೆ.

"ಮೇಸ್ತ್ರಿ ಆದ್ರೆ ನನಗೇನೂ ಇಲ್ಲಪ್ಪ," ಎಂದಳು ಮಗಳು. "ಆದ್ರೆ ಆಸ್ಪತ್ರೇಲೂ ಡ್ರೆಸ್ಸಿಂಗ್, ಮನೇಲೂ ಡ್ರೆಸ್ಸಿಂಗ್ ನನ್ನ ಕೈಲಾಗಲ್ಲ. ನಿಮ್ಮದು ಮಾಡಿದ್ದೇ ಸಾಕು. ಅವನು ಹೆಂಗೆ ಕೆಲಸ ಮಾಡ್ತಾನೆ ಅಂತ ನೀವು ಹೋಗಿ ನೋಡ್ಕೊಂಡು ಬನ್ನಿ. ನೀವು ಹೂಂ ಅಂದ್ರೆ ಹೂಂ."

ನಾನು, ಹೆಂಡತಿ, ಷಡ್ಡಕ ಹೋದೆವು. ಹುಡುಗ ಕಾಫಿ ತಂದು ಕೊಟ್ಟ. ಚಿಂತಾಮಣಿಯಲ್ಲಿ ಬೆಳೆದ ಷಡ್ಡಕನಿಗೆ ಗುಟ್ಟಿನ ಮಾತೆಲ್ಲ ತೆಲುಗಿನಲ್ಲೇ ಬರುವುದು. ಲೋಟ ತೆಗೆದುಕೊಳ್ಳುವಾಗ ಹುಡುಗನ ಕೈ ನೋಡಿ, "ಪದೀ ಉನ್ನಾಯಿ," ಹತ್ತೂ ಇವೆ, ಎಂದು ನನ್ನ ಕಿವಿಯಲ್ಲಿ ಹೇಳಿದ. ಗೌರಿಬಿದನೂರಿನವರಿಗೆ ತೆಲುಗು ಬಾರದೇ ಇರುತ್ತದೆಯೇ? ಹುಡುಗನ ತಂದೆ ಜೋರಾಗಿ ನಕ್ಕರು.

"ಹತ್ತೂ ಇದ್ರೆ ಕೆಲಸ ಕಲ್ತಿಲ್ಲ ಅಂತ ನಮ್ಮ ಕಡೆ ಮಾತು. ನನಗೆ ಒಂಬತ್ತು," ಎಂದು ಕೈ ಎತ್ತಿ ತೋರಿಸಿದರು. "ಅವನಿಗೇನು, ಇನ್ನೂ ವಯಸ್ಸಿದೆ."

ನನ್ನ ಹೆಂಡತಿ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

ಹೆಣ್ಣು ನೋಡಲು ಹೋದಾಗ ಒಂದು ಹಾಡು ಹೇಳಮ್ಮ ಅಂತ ಕೇಳುತ್ತಾರಲ್ಲ, ಹಾಗೆ ನಾನು ಹುಡುಗನನ್ನು ಕೇಳಿದೆ, "ಒಂದು ಅಡ್ಡ ಕಟಿಂಗ್ ಮಾಡಪ್ಪ, ನೋಡಣ." ಮನೆಯ ಪಕ್ಕದಲ್ಲೇ ಶೆಡ್ಡು. ಹುಡುಗ ಉತ್ಸಾಹದಿಂದ ಗೈಡನ್ನು ಬ್ಲೇಡಿನ ಹತ್ತಿರಕ್ಕೆ ತಂದು ಬಿಗಿದ. ಪಟ್ಟಿಯ ತುದಿಯನ್ನು ಅದಕ್ಕೆ ಒತ್ತಿದ. ಬ್ಲೇಡಿಗೆ ನೇರವಾಗಿ ನಿಂತ. ಕವರಿನ ಸುಳಿವೇ ಇಲ್ಲ, ಅದು ಯಾವ ಬೀರುವಿನಲ್ಲಿತ್ತೋ. ನನ್ನ ಎಡಗೈಯಲ್ಲಿ ಇಲ್ಲದ ಎರಡು ಬೆರಳು ನೋಯತೊಡಗಿದವು. ಮೊದಲ ತುಂಡು ಸಿಕ್ಕಿಕೊಂಡಿತು. ಹುಡುಗ ಸ್ವಿಚ್ ಆಫ್ ಮಾಡಲೂ ಇಲ್ಲ, ಕೈ ಚಾಚಿದ.

"ಕೈ ತೆಗಿ," ಎಂದು ಕಿರುಚಿ ನಾನು ಗೋಡೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಎಳೆದುಬಿಟ್ಟೆ. ಬೆಚ್ಚಿದ ಹುಡುಗ ಕೈಯನ್ನು ಎದೆಗೆ ಅವುಚಿಕೊಂಡ. ಶೆಡ್ಡಿನದೂ ಮನೆಯದೂ ಒಂದೇ ಲೈನು. ಒಳಗೆ ಟಿವಿ ನಿಂತಿತು, ಗ್ರೈಂಡರ್ ನಿಂತಿತು, ಫ್ಯಾನು ನಿಂತಿತು.

ಹುಡುಗನ ತಂದೆಯ ಮುಖ ಕೆಂಪಾಯಿತು. "ಏನ್ರೀ ಇದು, ನೀವು ಹೆಣ್ಣು ಕೊಡಕ್ಕೆ ಬಂದಿದೀರೋ, ಕರೆಂಟ್ ಆಫೀಸಿಂದ ಬಂದಿದೀರೋ?"

೫. ನಾಲ್ಕು ಭಾನುವಾರ

ಸಂಬಂಧ ಮುರಿಯಿತೆಂದೇ ತಿಳಿದೆ. ಮಗಳ ಮುಖ ನೋಡಲು ಧೈರ್ಯ ಬರಲಿಲ್ಲ. "ಹುಡುಗ ಒಳ್ಳೆಯವನು ಕಣಮ್ಮ. ಕೈ ಸರಿಯಿಲ್ಲ," ಎಂದಷ್ಟೇ ಹೇಳಿದೆ. ಅವಳು ಅಳಲಿಲ್ಲ. "ಕೈನ ತಿದ್ದಬಹುದಪ್ಪ, ಕೈ ಅಂತ ಇದ್ರೆ," ಎಂದಳು. ಅಡುಗೆಮನೆಗೆ ಹೋಗಿ ಅತ್ತಳೋ ಏನೋ, ನಾನು ಹಿಂದೆ ಹೋಗಲಿಲ್ಲ.

ಅವಳು ಅವನಿಗೆ ಏನು ಹೇಳಿದಳೋ ಗೊತ್ತಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹುಡುಗ ಬೈಕಿನಲ್ಲಿ ನಮ್ಮ ಶೆಡ್ಡಿಗೆ ಬಂದ. "ಕಲಿಸಿಕೊಡಿ," ಎಂದು ನಿಂತ. ನಾಲ್ಕು ಭಾನುವಾರ ಬಂದ. ಬಂಡಿ ಮಾಡುವುದು, ಪಕ್ಕಕ್ಕೆ ನಿಲ್ಲುವುದು, ಬ್ಲೇಡನ್ನು ಮರಕ್ಕಿಂತ ಒಂದು ಹಲ್ಲಿನಷ್ಟು ಮಾತ್ರ ಎತ್ತರಿಸುವುದು, ಬ್ಲೇಡ್ ನಿಲ್ಲುವ ತನಕ ಕೈ ಹಿಂದೆ ಕಟ್ಟುವುದು, ಎಲ್ಲ ಕಲಿತ. ಕೊನೆಯ ಭಾನುವಾರ ಗೈಡಿನಿಂದ ಸಿಲ್ವರ್ ಓಕ್ ತುಂಡನ್ನು ಬಿಚ್ಚಿ ಅವನ ಕೈಗಿಟ್ಟೆ. "ಇದು ನಿನಗೆ. ನನ್ನ ಬೆರಳಿನ ಜೊತೆ ಐಸಿನಲ್ಲಿ ಮಲಗಿದ್ದು ಇದೇ."

ಅದನ್ನು ಜೇಬಿಗೆ ಹಾಕಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ವಾರದೊಳಗೆ ಅವನ ತಂದೆಯ ಫೋನ್ ಬಂತು. "ಏನ್ ಮಾಡಿದ್ರಿ ನಮ್ಮ ಹುಡುಗನಿಗೆ? ಅವರಮ್ಮ ಚಟ್ನಿ ರುಬ್ಬಿದ್ರೆ ಮಿಕ್ಸಿ ನಿಲ್ಲೋವರೆಗೂ ಕೈ ಹಿಂದೆ ಕಟ್ಕೊಂಡು ನಿಂತಿರ್ತಾನೆ." ಆಮೇಲೆ ದನಿ ತಗ್ಗಿಸಿ ಹೇಳಿದರು, "ಆ ಬಂಡಿ ನನಗೂ ಒಂದು ಮಾಡಿಕೊಟ್ಟ. ಒಂಬತ್ತು ಉಳೀತವಲ್ಲ, ಬನ್ನಿ, ಮಾತಾಡಣ."

೬. ಎಣಿಕೆ

ನಿಶ್ಚಿತಾರ್ಥ ಚಿಕ್ಕಬಳ್ಳಾಪುರದ ಒಂದು ಸಣ್ಣ ಛತ್ರದಲ್ಲಿ. ಉಂಗುರ ಬದಲಾಯಿಸುವ ಹೊತ್ತು. ಪುರೋಹಿತರು, "ಹುಡುಗನ ಕೈ ಹಿಡ್ಕೊಳಮ್ಮ," ಎಂದರು. ನನ್ನ ಮಗಳು ಒಂದು ಕೈಯನ್ನಲ್ಲ, ಎರಡೂ ಕೈಗಳನ್ನು ಹಿಡಿದಳು. ಉಂಗುರವನ್ನು ತಟ್ಟೆಯಲ್ಲೇ ಬಿಟ್ಟು, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಮುಟ್ಟುತ್ತಾ, ಎಲ್ಲರಿಗೂ ಕೇಳುವಂತೆ ಎಣಿಸಿದಳು. ಪುರೋಹಿತರು ಮಂತ್ರ ನಿಲ್ಲಿಸಿದರು.

"ಹತ್ತು," ಎಂದಳು. "ಎಣಿಸಿ ತಗೊಂಡಿದೀನಿ. ದಿನಾ ಸಾಯಂಕಾಲ ಎಣಿಸ್ತೀನಿ."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ವೇದಿಕೆಯ ಮೇಲೆ ನಾವು ಬೀಗರಿಬ್ಬರೂ ನಮಗೇ ಗೊತ್ತಿಲ್ಲದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆವು. ಫೋಟೋ ತೆಗೆಯುವವನು, "ಸಾರ್, ಇಬ್ಬರೂ ಕೈ ಎತ್ತಿ ಆಶೀರ್ವಾದ ಮಾಡಿ," ಎಂದ. ಎತ್ತಿದೆವು. ಹದಿನೇಳು ಬೆರಳಿನ ಆಶೀರ್ವಾದ. ಅವನು ಕ್ಯಾಮೆರಾ ಇಳಿಸಿ ಒಮ್ಮೆ ನೋಡಿ, ಮತ್ತೆ ಎತ್ತಿಕೊಂಡ.

ನನ್ನ ಪಕ್ಕದಲ್ಲಿ ಹೆಂಡತಿ ಎಲ್ಲರ ಜೊತೆ ನಗುತ್ತಿದ್ದಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನಗೊಬ್ಬನಿಗೇ ಕೇಳುವಷ್ಟು ಮೆತ್ತಗೆ ಹೇಳಿದಳು.

"ನಾನು ತಗೊಳ್ಳೋವಾಗ್ಲೂ ಹತ್ತೇ ಇದ್ವು ಕಣ್ರೀ. ಎಣಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ."